ಬಾಯಿ ಮೊದಲೋ ಮಾತು ಮೊದಲೋ

ಹೋದ ವಾರ ಮೆಟ್ರೋದಲ್ಲಿ ಪಕ್ಕದಲ್ಲೇ ನಿಂತಿದ್ದ ಇಬ್ಬರು ಹುಡುಗಿಯರು ತಮ್ಮ ಕಾಲೇಜಿನ ಅನಿಮೇಷನ್ ಪ್ರಾಜೆಕ್ಟಿನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಅಜ್ಜಿಯೊಬ್ಬಳು ಮೊಮ್ಮಗನಿಗೆ ಕಥೆ ಹೇಳುವ ದೃಶ್ಯವಂತೆ. ಅಜ್ಜಿಯ ಕೈ ಆಡುತ್ತದೆ, ಕಣ್ಣು ಮಿಟುಕುತ್ತದೆ, ಬಾಯಿಯೂ ಆಡುತ್ತದೆ. "ಆಡಿಯೋ ಒಂದು ಬಾಕಿ ಕಣೇ, ಕೊನೇಲಿ ಹಾಕಿದ್ರಾಯ್ತು, ಐದು ನಿಮಿಷದ ಕೆಲಸ" ಎಂದಳು ಒಬ್ಬಳು. ನನ್ನ ನಿಲ್ದಾಣ ಬಂತು, ಇಳಿದೆ. ಆ ಐದು ನಿಮಿಷ ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ.

ಅಜ್ಜಿ ಏನು ಹೇಳುತ್ತಾಳೆಂದು ತಿಳಿಯುವ ಮೊದಲೇ ಅವಳ ಬಾಯಿ ಹೇಗೆ ಆಡಿತು?

ಅದು ಐದು ನಿಮಿಷದ ಕೆಲಸವಲ್ಲ ಎಂಬುದು ಬ್ಲೆಂಡರ್‌ನಂಥ ಸಾಫ್ಟ್‌ವೇರಿನಲ್ಲಿ ಕೈಯಾಡಿಸಿದವರಿಗೆಲ್ಲ ಗೊತ್ತು. ಫೋನಿನಲ್ಲಿ ತೆಗೆದ ಹತ್ತು ಸೆಕೆಂಡಿನ ವಿಡಿಯೋ ಸೆಕೆಂಡಿಗೆ 30 ಫ್ರೇಮಿನದು, ಪ್ರಾಜೆಕ್ಟು 24 ಫ್ರೇಮಿನದು ಎಂದುಕೊಳ್ಳಿ. ಸಾಫ್ಟ್‌ವೇರ್ ತಾನಾಗಿ ಹೊಂದಿಸಿಕೊಳ್ಳದಿದ್ದರೆ ಟೈಮ್‌ಲೈನಿನಲ್ಲಿ ಚಿತ್ರದ ಪಟ್ಟಿ 300 ಫ್ರೇಮು, ದನಿಯ ಪಟ್ಟಿ 240 ಫ್ರೇಮು ಉದ್ದವಾಗಿ ಕೂರುತ್ತವೆ. ಮಾತು ಮುಗಿದು ಎರಡೂವರೆ ಸೆಕೆಂಡಾದರೂ ತುಟಿ ಆಡುತ್ತಲೇ ಇರುತ್ತದೆ. ಮೇಲಾಗಿ ಅನೇಕ ಫೋನುಗಳು ಒಂದೇ ವೇಗದಲ್ಲಿ ಫ್ರೇಮು ಹಿಡಿಯುವುದಿಲ್ಲ. ಬೆಳಕು ಕಮ್ಮಿಯಾದರೆ ವೇಗವೂ ಕಮ್ಮಿ. ಅಂಥದ್ದನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಹಾಕಿ ಸ್ಥಿರ ವೇಗಕ್ಕೆ ತಂದುಕೊಂಡೇ ಒಳಗೆ ಬಿಡಬೇಕು. ಇಷ್ಟೆಲ್ಲ ಮಾಡಿ, ಎಕ್ಸ್‌ಪೋರ್ಟ್ ಮಾಡುವಾಗ ಆಡಿಯೋ ಕೋಡೆಕ್ ಎಂಬಲ್ಲಿ 'ನೋ ಆಡಿಯೋ' ಎಂದಿರುವುದನ್ನು ಗಮನಿಸದಿದ್ದರೆ ಸಲ್ಲಿಕೆಯ ದಿನ ಮೂಕಿಚಿತ್ರ ಕೈಗೆ ಬರುತ್ತದೆ. ಇವೆಲ್ಲ ಯೂಟ್ಯೂಬ್ ನೋಡಿ ಕಲಿಯಬಹುದಾದ ಸಂಗತಿಗಳು, ಬಿಡಿ.

ನನ್ನನ್ನು ಕಾಡಿದ್ದು ಅಜ್ಜಿಯ ಬಾಯಿ. ಅಮೆರಿಕದ ಸ್ಟುಡಿಯೋಗಳು ಇದನ್ನು ಬಹಳ ಹಿಂದೆಯೇ ಇತ್ಯರ್ಥ ಮಾಡಿಕೊಂಡವು: ಮೊದಲು ಮಾತು ಧ್ವನಿಮುದ್ರಣವಾಗಬೇಕು, ಅದನ್ನು ಫ್ರೇಮು ಫ್ರೇಮಾಗಿ ಒಡೆದು ಎಕ್ಸ್‌ಪೋಜರ್ ಶೀಟಿನಲ್ಲಿ ಬರೆಯಬೇಕು, ಆಮೇಲೆ ಚಿತ್ರ. 1928ರ 'ಸ್ಟೀಮ್‌ಬೋಟ್ ವಿಲ್ಲಿ'ಗೆ ಸಂಗೀತ ಮುದ್ರಿಸಿದ್ದು ಚಿತ್ರ ಮುಗಿದ ಮೇಲೆಯೇ. ಆದರೆ ಡಿಸ್ನಿಯ ಬಳಗದಲ್ಲಿದ್ದ ವಿಲ್ಫ್ರೆಡ್ ಜಾಕ್ಸನ್ ಮೊದಲೇ ಮೆಟ್ರೊನೋಮ್ ಇಟ್ಟುಕೊಂಡು ಒಂದು ತಾಳಕ್ಕೆ ಎಷ್ಟು ಫ್ರೇಮು ಎಂದು ಲೆಕ್ಕ ಹಾಕಿದ್ದ. ಚಿತ್ರ ಬರೆದದ್ದೇ ಆ ಲೆಕ್ಕದ ಮೇಲೆ. ಅಷ್ಟಾದರೂ ಮೊದಲ ಮುದ್ರಣದಲ್ಲಿ ವಾದ್ಯಗಾರರು ಚಿತ್ರದ ಜೊತೆ ಹೆಜ್ಜೆ ಹಾಕಲಾಗದೆ ಸೋತರು. ಎರಡನೆಯ ಸಲ ತೆರೆಯ ಮೇಲೆ ಕುಣಿಯುವ ಚೆಂಡೊಂದನ್ನು ಮೂಡಿಸಿ, ಅದನ್ನು ನೋಡುತ್ತ ನುಡಿಸಿ ಎಂದು ಹೇಳಬೇಕಾಯಿತು.

ತಾಳಕ್ಕೆ ಇಷ್ಟು ಫ್ರೇಮು ಎಂದಕೂಡಲೇ ನನ್ನ ಹಳೆಯ ಹುಚ್ಚು ಕೆರಳುತ್ತದೆ. ಷಟ್ಪದಿಯ ಗಣಲೆಕ್ಕ ಬರೆದಾಗ 'ಇದೆಲ್ಲ ಯಾರಿಗೆ ಬೇಕು ಸ್ವಾಮಿ' ಎಂದು ಪತ್ರ ಬರೆದ ಮಿತ್ರರು ಇವತ್ತೊಂದು ದಿನ ಸಹಿಸಿಕೊಳ್ಳಬೇಕು. ಎಕ್ಸ್‌ಪೋಜರ್ ಶೀಟ್ ಎಂದರೆ ಮೇಲಿಂದ ಕೆಳಕ್ಕೆ ಹಾಕಿದ ಪ್ರಸ್ತಾರವೇ. ನಿಧಾನವಾಗಿ ವಾಚಿಸುವವರು ಒಂದು ಮಾತ್ರೆಗೆ ಕಾಲು ಸೆಕೆಂಡು ತೆಗೆದುಕೊಂಡರೆ ಲಘುವಿಗೆ ಆರು ಫ್ರೇಮು, ಗುರುವಿಗೆ ಹನ್ನೆರಡು. ಭಾಮಿನಿಯ ಹದಿನಾಲ್ಕು ಮಾತ್ರೆಯ ಸಾಲಿಗೆ 84 ಫ್ರೇಮು. ಕೊನೆಯ ಗುರುಗಳನ್ನೂ ಸೇರಿಸಿ ಇಡೀ ಪದ್ಯಕ್ಕೆ 102 ಮಾತ್ರೆ, ಅಂದರೆ 612 ಫ್ರೇಮು. ಎರಡೆರಡು ಫ್ರೇಮಿಗೆ ಒಂದು ಚಿತ್ರದಂತೆ 306 ಚಿತ್ರ. ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನ ಕೆಲಸ.

ಛಂದಸ್ಸಿಗೆ ಬೇಡವಾದ ಒಂದು ಭೇದ ಇಲ್ಲಿ ಬೇಕಾಗುತ್ತದೆ. 'ಆಮೆ', 'ಅಮ್ಮ' ಎರಡೂ ಪ್ರಸ್ತಾರದಲ್ಲಿ ಒಂದೇ: ಗುರು, ಲಘು. ಆದರೆ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. 'ಆಮೆ'ಯ ಗುರುವಿನಲ್ಲಿ ಬಾಯಿ ಉದ್ದಕ್ಕೂ ತೆರೆದೇ ಇರುತ್ತದೆ. 'ಅಮ್ಮ'ನ ಗುರುವಿನಲ್ಲಿ ಬೇಗ ತೆರೆದು ಬೇಗ ಮುಚ್ಚಿ, ಮುಚ್ಚಿದ ತುಟಿ ಹಾಗೇ ನಿಲ್ಲುತ್ತದೆ. ಅಪ್ಪ, ಹಬ್ಬ, ತಪ್ಪು, ಕಬ್ಬು ಎಲ್ಲಕ್ಕೂ ಇದೇ ತಡೆ. ನಮ್ಮ ಕಾಲೇಜುಗಳಲ್ಲಿ ಹಂಚುವ ಬಾಯಿಯ ನಕ್ಷೆ, ಡಿಸ್ನಿಯಲ್ಲೂ ಎಂಜಿಎಂನಲ್ಲೂ ದುಡಿದ ಪ್ರೆಸ್ಟನ್ ಬ್ಲೇರ್ ಇಂಗ್ಲಿಷಿಗೆಂದು ಬರೆದದ್ದು. ಇಂಗ್ಲಿಷಿನ 'ಹ್ಯಾಪಿ'ಗೆ ಕಾಗುಣಿತದಲ್ಲಿ ಎರಡು 'ಪಿ' ಇದ್ದರೂ ತುಟಿಗೆ ಒಂದೇ. ಆ ನಕ್ಷೆಯನ್ನು ನಂಬಿ ಅಜ್ಜಿಯ ಬಾಯಲ್ಲಿ 'ಅಪ್ಪಯ್ಯ' ಎನ್ನಿಸಿದರೆ ಅವಳು ಪರದೇಶದಲ್ಲಿ ಬೆಳೆದವಳ ಹಾಗೆ ಕಾಣುತ್ತಾಳೆ.

ನಕ್ಷೆ ಬೇಕಾದರೆ ವರ್ಣಮಾಲೆಯೇ ಇದೆಯಲ್ಲ! ಕಂಠದಿಂದ ಹೊರಟು ತಾಲು, ಮೂರ್ಧ, ದಂತ ದಾಟಿ ತುಟಿಗೆ ಬರುವ ಸಾಲು ಅದು. ಚಿತ್ರಗಾರನ ಕಣ್ಣಿಂದ ನೋಡಿದರೆ ಕಾಣದ್ದರಿಂದ ಕಾಣುವುದರ ಕಡೆಗೆ ನಡೆಯುವ ಸಾಲು. ಕವರ್ಗದ ಕೆಲಸವೆಲ್ಲ ಹಲ್ಲಿನ ಹಿಂದೆ; ಪವರ್ಗ ಬಂದಾಗ ಮಾತ್ರ ತುಟಿ ಕೂಡುತ್ತದೆ. ಐದಕ್ಕೂ ಒಂದೇ ಚಿತ್ರ ಸಾಕು: ಪಾಪ, ಬಾಬಾ, ಮಾಮ ಮೂರೂ ತೆರೆಯ ಮೇಲೆ ಒಂದೇ. ಕಲೆಗೂ ಕಳೆಗೂ ತುಟಿಯಲ್ಲಿ ವ್ಯತ್ಯಾಸವಿಲ್ಲ, ಅದನ್ನು ಕಿವಿಯೇ ಹೇಳಬೇಕು. ಳಕಾರವನ್ನು ನುಂಗಿ ಡಬ್ಬಿಂಗ್ ಮಾಡುವವರ ಮೇಲೆ ನನಗಿರುವ ಸಿಟ್ಟು ಓದುಗರಿಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಶಬ್ದವನ್ನು ಒಂದು ದ್ರವ್ಯವೆನ್ನುತ್ತಾನೆ. ಅದು ನಾಭಿಮೂಲದಿಂದ ಕಹಳೆಯಂತೆ ಹೊಮ್ಮುತ್ತದೆ, ಬಣ್ಣ ಬಿಳಿ ಎನ್ನುತ್ತಾನೆ. ದನಿಗೆ ಬಣ್ಣ ಎಲ್ಲಿಂದ ಎಂದು ನಗುತ್ತಿದ್ದ ಕಾಲವೊಂದಿತ್ತು. ಹಳೆಯ 35 ಎಂ.ಎಂ. ಫಿಲ್ಮಿನ ಅಂಚಿನಲ್ಲಿ ಕಪ್ಪಿನ ನಡುವೆ ಬಿಳಿ ಗೆರೆಯಾಗಿ ಓಡುವ ಧ್ವನಿಪಥವನ್ನು ಬೆಳಕಿಗೆ ಹಿಡಿದು ನೋಡಿದವರು ಕೇಶಿರಾಜನ ಮಾತಿಗೆ ನಗುವುದಿಲ್ಲ. ಕೆನಡಾದ ನಾರ್ಮನ್ ಮೆಕ್ಲಾರೆನ್ ಆ ಅಂಚಿನ ಮೇಲೆ ನೇರವಾಗಿ ಗೆರೆ, ಚುಕ್ಕೆ ಬರೆದು ಸದ್ದು ಹೊರಡಿಸಿದ.

ಇಷ್ಟು ಬರೆದ ಮೇಲೆ ಜಪಾನ್ ಅಡ್ಡ ಬಂತು. ಅಲ್ಲಿನ ಆನಿಮೆಗಳಲ್ಲಿ ಬಹುಪಾಲು ಚಿತ್ರವೇ ಮೊದಲು, ನಟರ ದನಿ ಆಮೇಲೆ. ಬಾಯಿಗೆ ತೆರೆದದ್ದು, ಅರೆ ತೆರೆದದ್ದು, ಮುಚ್ಚಿದ್ದು ಎಂಬ ಮೂರೇ ಚಿತ್ರಗಳಲ್ಲಿ ಕೆಲಸ ನಡೆದುಹೋಗುತ್ತದೆ. 1988ರ 'ಅಕಿರಾ' ಮಾತನ್ನು ಮೊದಲೇ ಮುದ್ರಿಸಿಕೊಂಡದ್ದು ಅಲ್ಲಿ ದೊಡ್ಡ ಸುದ್ದಿ. ನಮ್ಮ ಸಿನಿಮಾಗಳೂ ದಶಕಗಟ್ಟಲೆ ಡಬ್ಬಿಂಗ್ ಮೇಲೆಯೇ ಬದುಕಿದವು. ಹಾಗಾದರೆ ಮೆಟ್ರೋದ ಹುಡುಗಿಗೆ ಅವಳದೇ ಒಂದು ಪರಂಪರೆ ಇದೆ. ಮೊದಲು ಯಾವುದು ಎಂಬ ನನ್ನ ಪ್ರಶ್ನೆಯೇ ಬಿದ್ದುಹೋಯಿತು. ಉಳಿದದ್ದು, ಚಿತ್ರ, ದನಿ ಇಬ್ಬರ ನಡುವೆ ಕಾಲ ಯಾರ ಕೈಯಲ್ಲಿ ಎನ್ನುವುದು.

ಅದಕ್ಕೆ ಯಂತ್ರಗಳೇ ಉತ್ತರ ಕೊಟ್ಟಿವೆ. ಪ್ರೊಜೆಕ್ಟರಿನಲ್ಲಿ ಚಿತ್ರ ನಿಂತು ನಿಂತು ಸಾಗಬೇಕು, ಇಲ್ಲದಿದ್ದರೆ ಕಾಣುವುದಿಲ್ಲ. ದನಿ ನಿಲ್ಲದೆ ಸಾಗಬೇಕು, ಇಲ್ಲದಿದ್ದರೆ ಕೇಳುವುದಿಲ್ಲ. ಎರಡನ್ನೂ ಒಂದೇ ಜಾಗದಲ್ಲಿ ಓದಲಾಗದೆ ಧ್ವನಿಪಥವನ್ನು ಸುಮಾರು ಇಪ್ಪತ್ತು ಫ್ರೇಮು ಮುಂದಕ್ಕೆ ಅಚ್ಚು ಹಾಕುತ್ತಿದ್ದರು. ಅಡೋಬಿ ಅನಿಮೇಟ್‌ನಲ್ಲಿ ದನಿಗೆ 'ಸ್ಟ್ರೀಮ್' ಎಂಬ ಆಯ್ಕೆ ಕೊಟ್ಟು, ಕಂಪ್ಯೂಟರ್ ಏದುಸಿರು ಬಿಡತೊಡಗಿದರೆ ಸಾಫ್ಟ್‌ವೇರ್ ಚಿತ್ರಗಳನ್ನು ಹಾರಿಸುತ್ತದೆ, ದನಿಯನ್ನು ಕತ್ತರಿಸುವುದಿಲ್ಲ. ಬ್ಲೆಂಡರಿನ 'ಸಿಂಕ್ ಟು ಆಡಿಯೋ' ಕೂಡ ಹಾಗೆಯೇ. ಕಣ್ಣು ಒಂದೆರಡು ಚಿತ್ರ ತಪ್ಪಿದರೆ ತುಂಬಿಕೊಳ್ಳುತ್ತದೆ. ಕಿವಿಗೆ ಅಷ್ಟು ಔದಾರ್ಯವಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸಿನ ಪ್ರಕಾರ ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೆ ನೋಡುವವರಿಗೆ ಗೊತ್ತಾಗಿಬಿಡುತ್ತದೆ; ಹಿಂದಾದರೆ 125ರವರೆಗೆ ಗೊತ್ತಾಗುವುದಿಲ್ಲ. ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡುತ್ತ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ: ಏಟು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅನುಭವಿ ಅನಿಮೇಟರುಗಳು ಪ, ಬ, ಮ ಅಕ್ಷರಗಳಿಗೆ ತುಟಿಯನ್ನು ಒಂದೆರಡು ಫ್ರೇಮು ಮೊದಲೇ ಮುಚ್ಚಿಸುವುದು ಇದೇ ಲೆಕ್ಕದಲ್ಲಿ.

ಆದ್ದರಿಂದ ಆಡಿಯೋ ಕೊನೆಗೇ ಬರಲಿ, ನನ್ನ ತಕರಾರಿಲ್ಲ. ಆದರೆ ಚಿತ್ರಕ್ಕೆ ಕುಳಿತ ಮೊದಲ ದಿನವೇ ಅಜ್ಜಿಯ ಮಾತನ್ನು ಫೋನಿನಲ್ಲಿ ಒರಟಾಗಿಯಾದರೂ ಹೇಳಿಟ್ಟುಕೊಂಡು, ಅದರ ಲಘು ಗುರು ಎಣಿಸಿಕೊಂಡಿದ್ದರೆ ಬಾಯಿಗೆ ಒಂದು ಆಧಾರವಿರುತ್ತಿತ್ತು. ಆ ಅಜ್ಜಿಯ ಕಥೆಯ ಅಡಿಯಲ್ಲಿ, ಎಲ್ಲೋ ಪುಕ್ಕಟೆ ಸಿಕ್ಕಿದ ಕೊಳಲಿನ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕನ್ನು ಮೊದಲಿನಿಂದ ಕೊನೆಯವರೆಗೆ ಹರಿಯಬಿಡುವುದಕ್ಕೆ ಮಾತ್ರ ನನ್ನ ಸಂಪೂರ್ಣ ವಿರೋಧವಿದೆ. ವಿದ್ಯಾರ್ಥಿಗಳ ಚಿತ್ರಗಳಲ್ಲಿ ಹಾಗಾಗದ ಒಂದನ್ನು ನಾನಿನ್ನೂ ನೋಡಿಲ್ಲ.