ಅವ್ವನ ಖಾತೆಗೆ ಯಾರು ಮುಖತ್ಯಾರ?

ಧಾರವಾಡ ತಾಲ್ಲೂಕಿನ ಗರಗ ರಾಷ್ಟ್ರಧ್ವಜಕ್ಕೆ ಖಾದಿ ನೇಯುವ ಊರು. ಇಲ್ಲಿ ನೂಲು ತೆಗೆದೇ ಬದುಕು ಕಟ್ಟಿಕೊಂಡ ಹೆಣ್ಣುಮಕ್ಕಳು ಈಗ ಮುಪ್ಪಿಗೆ ಬಂದಿದ್ದಾರೆ. ಅವರಲ್ಲಿ ಕೆಲವರ ಖಾತೆಗೆ ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಬರುತ್ತದೆ, ಕೆಲವರಿಗೆ ಗೃಹಲಕ್ಷ್ಮಿಯ 2,000. ಜೊತೆಗೆ ಎಂದೋ ಇಟ್ಟ ಠೇವಣಿಯ ಬಡ್ಡಿ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ಮಂಡಿನೋವಿನ ಅವ್ವ ಬ್ಯಾಂಕಿನ ಮೆಟ್ಟಿಲು ಹತ್ತಲಾರಳು. ಹಾಗಾದರೆ ಹಣ ತೆಗೆಯುವವರು ಯಾರು?

ಬಹುತೇಕ ಮನೆಗಳಲ್ಲಿ ಉತ್ತರ ಒಂದೇ: ಎಟಿಎಂ ಕಾರ್ಡು ಮೊಮ್ಮಗನ ಕೈಗೆ, ಪಿನ್ ನಂಬರು ಮನೆಮಂದಿಗೆಲ್ಲ ಬಾಯಿಪಾಠ. ನಡೆಯುವಷ್ಟು ದಿನ ಇದು ನಡೆಯುತ್ತದೆ. 2013ರಲ್ಲಿ ಬೆಂಗಳೂರಿನ ಬಾಣಂತಿಯೊಬ್ಬರು 25,000 ರೂಪಾಯಿ ತರಲು ತಮ್ಮ ಸ್ಟೇಟ್ ಬ್ಯಾಂಕ್ ಕಾರ್ಡನ್ನು ಗಂಡನಿಗೆ ಕೊಟ್ಟು ಕಳಿಸಿದ್ದರು. ಯಂತ್ರದಿಂದ ಚೀಟಿ ಬಂತು, ನೋಟು ಬರಲಿಲ್ಲ. 2018ರಲ್ಲಿ ಗ್ರಾಹಕರ ವೇದಿಕೆ ಅವರ ದೂರನ್ನು ತಳ್ಳಿಹಾಕಿತು. ಪಿನ್ ಇನ್ನೊಬ್ಬರಿಗೆ ಹೇಳಿದ್ದೇ ತಪ್ಪು, ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಡಬೇಕಿತ್ತು ಎಂಬುದು ವೇದಿಕೆಯ ನಿಲುವು. ಗಂಡ-ಹೆಂಡಿರ ನಡುವೆಯೇ ಹೀಗಾದರೆ ಅಜ್ಜಿ-ಮೊಮ್ಮಗನ ಗತಿ ಕೇಳುವುದೇ ಬೇಡ.

ಸರಿಯಾದ ದಾರಿ ಎಂದು ವಕೀಲರು ಹೇಳುವುದು ಮುಖತ್ಯಾರ ಪತ್ರವನ್ನು. ಯಾವ ಖಾತೆ, ಹಣ ತೆಗೆಯುವುದು ಮಾತ್ರವೋ ಠೇವಣಿ ಮುರಿಸುವುದೂ ಸೇರಿದೆಯೋ ಎಂದು ಅದರಲ್ಲಿ ಬಿಡಿಸಿ ಬರೆದಿದ್ದರೆ ಕೆಲಸ ಸಲೀಸು. ಆದರೆ 1872ರ ಕರಾರು ಕಾಯ್ದೆಯ 201ನೇ ಕಲಂ ಒಂದು ಮಾತು ಹೇಳುತ್ತದೆ: ಪತ್ರ ಬರೆದುಕೊಟ್ಟವರು ತೀರಿಕೊಂಡರೆ ಅಥವಾ ಬುದ್ಧಿಸ್ವಾಧೀನ ಕಳೆದುಕೊಂಡರೆ ಆ ಅಧಿಕಾರ ಅಲ್ಲಿಗೇ ಮುಗಿಯಿತು. ಅಂದರೆ ಅವ್ವನ ಕಾಲು ಸೋತಾಗ ಪತ್ರ ಕೆಲಸಕ್ಕೆ ಬರುತ್ತದೆ, ಮರೆವಿನ ಕಾಯಿಲೆ ಅವಳ ಮನಸ್ಸನ್ನು ಪೂರ್ತಿ ಆವರಿಸಿದಾಗ ಬರುವುದಿಲ್ಲ. 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ.

ಇದರ ಪರಿಣಾಮ ವಿಚಿತ್ರ. ಅವ್ವನಿಗೆ ಈಗ ಯಾರ ಗುರುತೂ ಹತ್ತುವುದಿಲ್ಲ ಎಂದು ಬ್ಯಾಂಕಿನಲ್ಲಿ ನಿಜ ಹೇಳಿದ ಮಗನ ಕೈ ಕಟ್ಟಿಹೋಗುತ್ತದೆ. ಸುಮ್ಮನಿದ್ದವನು ಆರಾಮವಾಗಿ ಹಣ ತೆಗೆಯುತ್ತಲೇ ಇರುತ್ತಾನೆ. ಪ್ರಾಮಾಣಿಕನನ್ನು ದಂಡಿಸಿ ಮುಚ್ಚುಮರೆಗೆ ಬಹುಮಾನ ಕೊಡುವ ಕಾನೂನಿದು. ಸಮಸ್ಯೆ ಹೊಸದೇನಲ್ಲ. ಇಂಗ್ಲೆಂಡು 1985ರಲ್ಲೇ, ಬುದ್ಧಿ ಮಂಕಾದ ಮೇಲೂ ಊರ್ಜಿತವಾಗಿ ಉಳಿಯುವ ಮುಖತ್ಯಾರ ಪತ್ರಕ್ಕೆ ಕಾಯ್ದೆ ಮಾಡಿತು. ನಾವು ಹಿಂದಕ್ಕೆ ನಡೆದೆವು. 1987ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯ ರೋಗಿಯ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ನೇಮಿಸಬಹುದಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಚಿಕಿತ್ಸೆಯ ವಿಷಯದಲ್ಲಿ ಪ್ರತಿನಿಧಿಯನ್ನು ಕೊಟ್ಟಿತು, ಆಸ್ತಿಯ ಮಾತನ್ನೇ ಬಿಟ್ಟಿತು. ಕೋಮಾದಲ್ಲಿರುವವರ ಪ್ರಕರಣದಲ್ಲಿ ಕೇರಳ ಹೈಕೋರ್ಟು 2019ರಲ್ಲಿ ಸಂವಿಧಾನದ 226ನೇ ವಿಧಿಯಡಿ ಪಾಲಕರನ್ನು ನೇಮಿಸುವ ಮಾರ್ಗಸೂಚಿ ರೂಪಿಸಬೇಕಾಯಿತು. ಗರಗದವರಿಗೆ ಹೈಕೋರ್ಟಿನ ಧಾರವಾಡ ಪೀಠ ಹತ್ತಿರವೇ ಇದೆ, ನಿಜ. ಆದರೆ ಸಂಧ್ಯಾ ಸುರಕ್ಷೆಯ ಹಣ ಬಿಡಿಸಿಕೊಳ್ಳಲು ರಿಟ್ ಅರ್ಜಿ ಹಾಕಬೇಕೆ?

ಮನಸ್ಸು ಚುರುಕಾಗಿದ್ದು ದೇಹ ಮಾತ್ರ ಸೋತವರಿಗೆ ರಿಸರ್ವ್ ಬ್ಯಾಂಕಿನ ನಿಯಮಗಳು ಸಾಕಷ್ಟು ಉದಾರವಾಗಿವೆ. ಹೆಬ್ಬೆಟ್ಟು ಒತ್ತಲಾಗದಿದ್ದರೆ ಕಾಲಿನ ಹೆಬ್ಬೆರಳ ಗುರುತು, ಅದೂ ಆಗದಿದ್ದರೆ ಬರೀ ಒಂದು ಗೆರೆ ಸಾಕು. ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 70 ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ಕೊಡಬೇಕೆಂದು 2017ರ ನವೆಂಬರಿನಲ್ಲೇ ಸೂಚನೆ ಹೊರಟಿದೆ. ಇಷ್ಟಿದ್ದೂ ಮುದುಕಿಯನ್ನು ಆಟೊದಲ್ಲಿ ಕೂರಿಸಿಕೊಂಡು ಶಾಖೆಯ ಬಾಗಿಲಿಗೆ ತರುವ ಪಾಡು ತಪ್ಪಿಲ್ಲವೆಂದರೆ, ಈ ಸೌಲಭ್ಯವನ್ನು ಕೇಳುವವರೂ ಕಡಿಮೆ, ತಾವಾಗಿ ಹೇಳುವವರೂ ಕಡಿಮೆ.

ಇನ್ನು ಜಂಟಿ ಖಾತೆ. ಅದರಲ್ಲೊಂದು ಸೂಕ್ಷ್ಮವಿದೆ. 'ಇಬ್ಬರಲ್ಲಿ ಯಾರಾದರೂ' ಎಂದು ಬರೆಸಿದರೆ ಮಗಳು ಇಂದೇ ವ್ಯವಹರಿಸಬಹುದು. 'ಮೊದಲಿನವರು ಅಥವಾ ಬದುಕುಳಿದವರು' ಎಂದಿದ್ದು ಅವ್ವನ ಹೆಸರು ಮೊದಲಿದ್ದರೆ, ಅವಳ ಕಾಲಾನಂತರವೇ ಮಗಳ ಸಹಿಗೆ ಬೆಲೆ. ನಾಮಿನಿಯ ಪಾತ್ರವೂ ಆಮೇಲಿನದೇ. ಹಣ ಅವರ ಕೈಗೆ ಬಂದರೂ ವಾರಸುದಾರರ ಹಕ್ಕು ಅಳಿಯುವುದಿಲ್ಲ.

ಕರಾರು ಕಾಯ್ದೆಯಲ್ಲಿ ಮುಖತ್ಯಾರನಾದವನು ಮರೆಯುವ ಇನ್ನೊಂದು ಕಲಂ 213. ಕೇಳಿದಾಗ ಲೆಕ್ಕ ಒಪ್ಪಿಸುವುದು ಅವನ ಕರ್ತವ್ಯ. ಅವ್ವನ ಹಣವನ್ನು ತನ್ನ ಖಾತೆಗೆ ಹಾಕಿಕೊಂಡು 'ಔಷಧಕ್ಕೇ ಖರ್ಚಾಯಿತು' ಎನ್ನುವವನು ನಿಜವನ್ನೇ ಹೇಳುತ್ತಿರಬಹುದು, ಆದರೆ ತಮ್ಮ-ತಂಗಿಯರು ನಂಬಲು ಅವನ ಬಳಿ ಒಂದು ಚೀಟಿಯೂ ಇರುವುದಿಲ್ಲ. ಅಣ್ಣ-ತಮ್ಮಂದಿರ ಮಾತು ನಿಲ್ಲಲು ದೊಡ್ಡ ಮೊತ್ತವೇನೂ ಬೇಕಿಲ್ಲ. ಪಾಸ್‌ಬುಕ್ಕಿನ ಜೊತೆ ಒಂದು ನೋಟುಬುಕ್ಕು, ಬಿಲ್ಲುಗಳ ಒಂದು ಚೀಲ ಇಟ್ಟುಕೊಳ್ಳುವುದು ಅಂಥ ಕಷ್ಟವೇ?

ಸಂಸತ್ತು ಕರಾರು ಕಾಯ್ದೆಯ 201ನೇ ಕಲಮಿಗೆ ಒಂದು ವಿನಾಯಿತಿ ಸೇರಿಸಲಿ: ಸ್ವಸ್ಥಚಿತ್ತರಿದ್ದಾಗ ನೋಂದಾಯಿಸಿ ಕೊಟ್ಟ ಪತ್ರ, ವೈದ್ಯರ ಪ್ರಮಾಣಪತ್ರ ಮತ್ತು ವಾರ್ಷಿಕ ಲೆಕ್ಕದ ಷರತ್ತಿನ ಮೇಲೆ, ಬುದ್ಧಿ ಕುಂದಿದ ನಂತರವೂ ಊರ್ಜಿತವಾಗಿರಲಿ. ಅದಾಗುವವರೆಗೆ ಓದುಗರು ಕಾಯುತ್ತ ಕೂರಬೇಕಿಲ್ಲ. ಅವ್ವ ತಿಳಿದು ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ, ಎಲ್ಲ ಮಕ್ಕಳೂ ಕೂಡಿರುವ ಹಬ್ಬದ ದಿನ ಮಾತಾಡಿ, ಮರುದಿನವೇ ಬ್ಯಾಂಕಿಗೆ ಹೋಗಿ ಖಾತೆಯ ಷರತ್ತು ಯಾವುದಿದೆಯೆಂದು ನೋಡಿ, ಬೇಕಿದ್ದರೆ ಬದಲಿಸಿ.