ಮುಖ್ಯ ತರಬೇತುದಾರನ ಮೌಲ್ಯವೆಷ್ಟು?

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ವಿಶ್ವವಿದ್ಯಾನಿಲಯಗಳಲ್ಲಿ 2025ನೆಯ ಇಸವಿಯ ಕಾಲ್ಚೆಂಡಿನ ಋತುವು ಎರಡು ಪರಸ್ಪರ ವಿರುದ್ಧವಾದ ದೃಶ್ಯಗಳನ್ನು ಲೋಕಕ್ಕೆ ತೋರಿಸಿತು. ಇಂಡಿಯಾನಾ ವಿಶ್ವವಿದ್ಯಾನಿಲಯದ ಪಂಗಡವು ಆಡಿದ 16 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, 2026ನೆಯ ಜನವರಿಯಲ್ಲಿ ರಾಷ್ಟ್ರದ ಅಗ್ರಪದವಿಯನ್ನು ಸಂಪಾದಿಸಿತು. ಇದೇ ಪಂಗಡವು 2023ರಲ್ಲಿ 12 ಪಂದ್ಯಗಳನ್ನಾಡಿ ಮೂರನ್ನು ಮಾತ್ರ ಗೆದ್ದಿತ್ತು. ಈ ಎರಡು ಋತುಗಳ ನಡುವೆ ಅಲ್ಲಿಗೆ ಬಂದವರು ಕರ್ಟ್ ಸಿಗ್ನೆಟಿ ಎಂಬ ಮುಖ್ಯ ತರಬೇತುದಾರರು. ಅತ್ತ, ಅದೇ ಋತುವಿನ ಅಕ್ಟೋಬರ್ ತಿಂಗಳಲ್ಲಿ ಪೆನ್ ಸ್ಟೇಟ್, ಫ್ಲಾರಿಡಾ, ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾನಿಲಯಗಳು ಪಂದ್ಯಗಳಿನ್ನೂ ಮುಗಿಯದಿರುವಾಗಲೇ ತಮ್ಮ ತರಬೇತುದಾರರನ್ನು ಮನೆಗೆ ಕಳುಹಿಸಿದುವು. ಲೂಯಿಸಿಯಾನಾದಲ್ಲಿ ಕೆಲಸ ಕಳೆದುಕೊಂಡ ಬ್ರಯನ್ ಕೆಲಿಯವರಿಗೆ ಕರಾರಿನಂತೆ ಸಲ್ಲಬೇಕಾಗಿದ್ದ ಮೊಬಲಗು 5 ಕೋಟಿ ಡಾಲರುಗಳಿಗೂ ಮಿಕ್ಕಿದ್ದು! ಒಬ್ಬನು ಬಂದುದರಿಂದ ಭಾಗ್ಯೋದಯ, ಒಬ್ಬನನ್ನು ಕಳುಹಿಸಲು ಬೊಕ್ಕಸಕ್ಕೆ ಕನ್ನ. ಹಾಗಾದರೆ ಒಬ್ಬ ಮುಖ್ಯ ತರಬೇತುದಾರನಿಂದ ಆಗುವುದೆಷ್ಟು, ಆಗದಿರುವುದೆಷ್ಟು ಎಂಬ ಪ್ರಶ್ನೆಯು ವಿಚಾರಾರ್ಹವಾಗಿರುವುದು.

ದೂರದೇಶದ ಆಟದ ಸುದ್ದಿ ನಮಗೇಕೆಂದು ವಾಚಕರು ಕೇಳಬಹುದು. ಒಂದು ಸಂಸ್ಥೆಯ ಏಳುಬೀಳುಗಳನ್ನು ಒಬ್ಬ ವ್ಯಕ್ತಿಯ ತಲೆಗೇ ಕಟ್ಟುವ ಅಭ್ಯಾಸವು ಯಾವ ದೇಶಕ್ಕೂ ಹೊಸದಲ್ಲ. ಅದರ ಫಲಾಫಲಗಳು ಈ ಆಟದಲ್ಲಿ ಅಂಕಿಗಳ ಸಮೇತ ಕಾಣಸಿಗುವುದರಿಂದ ನಾವು ಈ ವಿಷಯವನ್ನೆತ್ತಿಕೊಂಡಿರುವೆವು. ಈ ಆಟವು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಇಲ್ಲಿ ಅಂಡಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದೇ ಮುನ್ನುಗ್ಗುವರು. ಮೈದಾನದಲ್ಲಿ ಒಂದು ಪಕ್ಷಕ್ಕೆ ಹನ್ನೊಂದು ಜನರಾದರೂ, ಆಕ್ರಮಣಕ್ಕೆ ಬೇರೆ, ರಕ್ಷಣೆಗೆ ಬೇರೆ ಎಂದು ಒಂದು ಪಂಗಡದಲ್ಲಿ ನೂರರಷ್ಟು ವಿದ್ಯಾರ್ಥಿಗಳಿರುವರು. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಪ್ರೇಕ್ಷಕರು ಕುಳಿತುಕೊಳ್ಳಬಹುದೆಂದರೆ, ಆ ಜನರಿಗೆ ಇದರ ಮೇಲಿರುವ ಮೋಹವನ್ನು ಊಹಿಸಬಹುದು.

ತರಬೇತುದಾರನ ಮಹತ್ವವನ್ನು ಎತ್ತಿಹಿಡಿಯುವವರ ಬಳಿ ಬಲವಾದ ಸಾಕ್ಷ್ಯವುಂಟು. ಅಲಬಾಮಾ ವಿಶ್ವವಿದ್ಯಾನಿಲಯವು 1955ರಿಂದ 1957ರವರೆಗಿನ ಮೂರು ವರ್ಷಗಳಲ್ಲಿ ಗೆದ್ದುದು ನಾಲ್ಕೇ ಪಂದ್ಯಗಳನ್ನು. 1958ರಲ್ಲಿ ಪಾಲ್ ಬ್ರಯಂಟರು ಬಂದರು. 1982ರವರೆಗಿನ ಅವರ ಕಾಲದಲ್ಲಿ ಆರು ರಾಷ್ಟ್ರೀಯ ಅಗ್ರಪದವಿಗಳು ಲಭಿಸಿದುವು. 2007ರಲ್ಲಿ ಅಲ್ಲಿಗೇ ಬಂದ ನಿಕ್ ಸಾಬನ್ನರು 2009ರಿಂದ 2020ರೊಳಗೆ ಮತ್ತೆ ಆರು ಪದವಿಗಳನ್ನು ಗಳಿಸಿಕೊಟ್ಟರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದ ಕಥೆಯು ಇನ್ನೂ ಮನಗಾಣಿಸುವಂಥದು. 1989ರಲ್ಲಿ ಬಿಲ್ ಸ್ನೈಡರರು ಅಧಿಕಾರ ವಹಿಸಿಕೊಂಡಾಗ ಆ ಪಂಗಡವು ಸತತವಾಗಿ 27 ಪಂದ್ಯಗಳಲ್ಲಿ ಗೆಲುವಿನ ಮುಖವನ್ನೇ ಕಂಡಿರಲಿಲ್ಲ. 1998ರ ಹೊತ್ತಿಗೆ ಅದೇ ಪಂಗಡವು ದೇಶದಲ್ಲಿ ಪ್ರಥಮ ಸ್ಥಾನದ ಎಣಿಕೆಗೆ ಏರಿತು. 2005ರಲ್ಲಿ ಅವರು ನಿವೃತ್ತರಾದರು. ಮುಂದಿನ ಮೂರು ವರ್ಷಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಯಿತು. 2009ರಲ್ಲಿ ಅವರನ್ನೇ ಮರಳಿ ಕರೆತರಬೇಕಾಯಿತು. ಪಂಗಡವೂ ಮರಳಿ ತಲೆಯೆತ್ತಿತು. ಇಷ್ಟನ್ನು ಕಂಡೂ ತರಬೇತುದಾರನು ನೆಪಮಾತ್ರವೆನ್ನುವುದು ಹಟವಾದೀತೇ ಹೊರತು ವಿಚಾರವಾಗದು.

ಆದರೆ ಈ ಮಹನೀಯರು ಮಾಡಿದುದೇನು? ಮಂತ್ರದಂಡವನ್ನೇನೂ ಬೀಸಲಿಲ್ಲ. ಸ್ನೈಡರರ ಮೊದಲ ಋತುವಿನ ಗಳಿಕೆಯು 11 ಪಂದ್ಯಗಳಲ್ಲಿ ಒಂದೇ ಗೆಲುವು. ಸಾಬನ್ನರ ಮೊದಲ ವರ್ಷವು ಏಳು ಗೆಲುವು, ಆರು ಸೋಲುಗಳಲ್ಲಿ ಮುಗಿಯಿತು. ಊರೂರು ತಿರುಗಿ ಪ್ರೌಢಶಾಲೆಗಳ ಹುಡುಗರನ್ನು ಆರಿಸುವುದು, ಅವರ ತಂದೆತಾಯಿಗಳ ವಿಶ್ವಾಸವನ್ನು ಸಂಪಾದಿಸುವುದು, ಸಮರ್ಥರಾದ ಸಹಾಯಕರನ್ನು ಕಲೆಹಾಕುವುದು, ಊಟ, ವ್ಯಾಯಾಮ, ಪಾಠ, ಅಭ್ಯಾಸಗಳೆಲ್ಲಕ್ಕೂ ಒಂದು ಶಿಸ್ತನ್ನು ಕಟ್ಟುವುದು, ಇವೇ ಮುಖ್ಯ ತರಬೇತುದಾರನ ನಿಜವಾದ ಕೆಲಸಗಳು. ಇಂದು ನೆಟ್ಟುದು ಮೂರು ನಾಲ್ಕು ವರ್ಷಗಳ ಮೇಲೆ ಫಲ ಕೊಡುವುದು. ಚೆನ್ನಾಗಿ ಕಟ್ಟಿದುದು ಕಟ್ಟಿದವನು ಹೋದೊಡನೆ ಬಿದ್ದುಹೋಗುವುದೂ ಇಲ್ಲ: 2024ರ ಜನವರಿಯಲ್ಲಿ ಸಾಬನ್ನರು ನಿವೃತ್ತರಾದ ಮೇಲೆ ಅಲಬಾಮಾ ಪಂಗಡವು ಮೊದಲಿನ ವೈಭವವನ್ನು ಕಳೆದುಕೊಂಡರೂ, ಆ ವರ್ಷದ 13 ಪಂದ್ಯಗಳಲ್ಲಿ ಒಂಬತ್ತನ್ನು ಗೆದ್ದಿತು.

ಇನ್ನು ಪ್ರತಿಪಕ್ಷದ ಮಾತು. ದ್ರೋಣಾಚಾರ್ಯರು ಒಬ್ಬರೇ, ಶಿಷ್ಯರಲ್ಲಿ ಅರ್ಜುನನೂ ಇದ್ದನು, ದುಶ್ಶಾಸನನೂ ಇದ್ದನು. ಆಬರ್ನ್ ವಿಶ್ವವಿದ್ಯಾನಿಲಯದ ಜೀನ್ ಚಿಜಿಕ್ ಎಂಬವರು 2010ರಲ್ಲಿ 14 ಪಂದ್ಯಗಳನ್ನಾಡಿ ಹದಿನಾಲ್ಕನ್ನೂ ಗೆದ್ದು ರಾಷ್ಟ್ರೀಯ ಅಗ್ರಪದವಿಯನ್ನು ಪಡೆದರು. ಎರಡೇ ವರ್ಷಗಳ ಮೇಲೆ, 2012ರಲ್ಲಿ, ಒಂಬತ್ತು ಪಂದ್ಯಗಳನ್ನು ಸೋತು ಕೆಲಸವನ್ನೂ ಕಳೆದುಕೊಂಡರು. ಅವರ ಬುದ್ಧಿಯು ಅಷ್ಟರಲ್ಲಿ ಮಂಕಾಯಿತೆ? ನಡುವೆ ನಡೆದುದಿಷ್ಟು: ಕ್ಯಾಮ್ ನ್ಯೂಟನ್ ಎಂಬ ಅಸಾಧಾರಣ ಆಟಗಾರನು ಕಾಲೇಜನ್ನು ಬಿಟ್ಟು ವೃತ್ತಿಪರ ಆಟಕ್ಕೆ ಹೋದನು, ಆಕ್ರಮಣದ ಹೊಣೆ ಹೊತ್ತಿದ್ದ ಗಸ್ ಮಾಲ್ಜಾನ್ ಎಂಬ ಸಹಾಯಕರೂ ಬೇರೆಡೆಗೆ ಹೋದರು. ಆ ಸಹಾಯಕರೇ 2013ರಲ್ಲಿ ಮುಖ್ಯ ತರಬೇತುದಾರರಾಗಿ ಹಿಂದಿರುಗಿದಾಗ ಪಂಗಡವು 14ರಲ್ಲಿ 12 ಪಂದ್ಯಗಳನ್ನು ಗೆದ್ದಿತು. ಜಯದ ಕೀರ್ತಿಯೆಲ್ಲವೂ ಮೇಲಿನವನದು, ಅಪಜಯದ ಹೊಣೆಯೆಲ್ಲವೂ ಅವನದೇ ಎಂಬ ಲೆಕ್ಕಾಚಾರವು ಎಷ್ಟು ಟೊಳ್ಳೆಂಬುದಕ್ಕೆ ಬೇರೆ ನಿದರ್ಶನ ಬೇಡ.

ತರಬೇತುದಾರರನ್ನು ಬದಲಿಸಿದ ಪಂಗಡಗಳ ಗತಿಯನ್ನು ಇತರ ಪಂಗಡಗಳೊಡನೆ ಹೋಲಿಸಿ ಅಮೇರಿಕದ ಮೂವರು ರಾಜ್ಯಶಾಸ್ತ್ರಜ್ಞರು 2013ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ತೀರ ಕೆಳಗಿಳಿದ ಪಂಗಡಗಳಿಗೆ ಬದಲಾವಣೆಯಿಂದ ವಿಶೇಷ ಲಾಭವಾಗಲಿಲ್ಲ. ನಡುತರದ ಪಂಗಡಗಳಿಗಂತೂ ಹಾನಿಯೇ ಆಯಿತು ಎಂಬುದು ಅವರು ಕಂಡ ಫಲಿತಾಂಶ. ಕೆಟ್ಟ ವರ್ಷದ ತರುವಾಯ ಸಾಧಾರಣ ವರ್ಷ ಬರುವುದು ಸಹಜವೇ. ಹೊಸಬನು ಬಂದುದರಿಂದಲೇ ಅದು ಬಂದಿತೆಂದು ತಿಳಿಯುವುದು ಜನರ ಭ್ರಮೆ.

ಇಂಡಿಯಾನಾದ ಪವಾಡವನ್ನಾದರೂ ಸ್ವಲ್ಪ ಬಿಡಿಸಿ ನೋಡೋಣ. ಸಿಗ್ನೆಟಿಯವರು 2007ರಿಂದ ನಾಲ್ಕು ಋತುಗಳ ಕಾಲ ಅಲಬಾಮಾದಲ್ಲಿ ಸಾಬನ್ನರ ಕೈಕೆಳಗೆ ದುಡಿದವರು. 2011ರಲ್ಲಿ ಪೆನ್ಸಿಲ್ವೇನಿಯಾದ ಒಂದು ಚಿಕ್ಕ ವಿದ್ಯಾಸಂಸ್ಥೆಯ ಪಂಗಡವನ್ನು ವಹಿಸಿಕೊಂಡು, ಮುಂದೆ ಇಲಾನ್, ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾನಿಲಯಗಳಲ್ಲಿ ಪಳಗಿದವರು. ಇಂಡಿಯಾನಾಕ್ಕೆ ಬರುವಾಗ ಜೇಮ್ಸ್ ಮ್ಯಾಡಿಸನ್ನಿನ ಅನೇಕ ಆಟಗಾರರೂ ಅವರ ಬೆನ್ನಹಿಂದೆ ಬಂದರು. ವಿದ್ಯಾರ್ಥಿಗಳು ಒಂದು ವರ್ಷ ಸುಮ್ಮನೆ ಕೂರದೆ ಕಾಲೇಜು ಬದಲಿಸಬಹುದೆಂಬ ಸಡಿಲಿಕೆಯು 2021ರಲ್ಲಿ ಬಂದಿರದಿದ್ದರೆ ಇಷ್ಟು ಶೀಘ್ರವಾಗಿ ಈ ಫಲವು ದೊರೆಯುತ್ತಿರಲಿಲ್ಲ. ಆದುದರಿಂದ ಇಲ್ಲಿ ಕಾಣುವುದು ಒಬ್ಬ ವ್ಯಕ್ತಿಯ ಯೋಗ್ಯತೆಯೂ ಹೌದು. ದೀರ್ಘಕಾಲದ ಸಾಧನೆಯೂ ಜೊತೆಗಾರರ ಬಲವೂ ಕಾಲಾನುಕೂಲವೂ ಹೌದು.

ಈ ವಿವೇಚನೆಯು ಆಡಳಿತಗಾರರಿಗೆ ಇಲ್ಲದಿದ್ದರೆ ಏನಾಗುವುದೆಂಬುದನ್ನು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯವು ತೋರಿಸಿಕೊಟ್ಟಿರುವುದು. 2020ರಲ್ಲಿ ಜಿಂಬೋ ಫಿಷರರು 10 ಪಂದ್ಯಗಳಲ್ಲಿ ಒಂಬತ್ತನ್ನು ಗೆದ್ದ ಹರ್ಷದಲ್ಲಿ ಅವರ ಕರಾರನ್ನು 2031ರವರೆಗೆ ವಿಸ್ತರಿಸಿದರು. 2022ರಲ್ಲಿ ಏಳು ಸೋಲುಗಳಾದುವು. 2023ರ ನವೆಂಬರಿನಲ್ಲಿ ಅವರನ್ನು ತೆಗೆದುಹಾಕಿ, 7 ಕೋಟಿ 50 ಲಕ್ಷ ಡಾಲರುಗಳಿಗೂ ಮಿಕ್ಕ ಹೊರೆಯನ್ನು ತಲೆಯ ಮೇಲೆ ಹೊತ್ತುಕೊಂಡರು. ಕೆಲಸ ಮಾಡುವುದಕ್ಕಲ್ಲ, ಕೆಲಸ ಮಾಡದಿರುವುದಕ್ಕೆ ಈ ಸಂಭಾವನೆ! ಮೈಮೂಳೆ ಮುರಿದುಕೊಂಡು ಆಡುವ ವಿದ್ಯಾರ್ಥಿಗಳಿಗೆ ಸಂಸ್ಥೆಯಿಂದ ನೇರವಾಗಿ ಹಣ ಸಲ್ಲಬಹುದೆಂದು ಒಪ್ಪಂದವಾದುದು 2025ರಲ್ಲಿ. ಆ ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾನಿಲಯದ ಎಲ್ಲ ಆಟಗಳ ಎಲ್ಲ ಆಟಗಾರರಿಗೂ ಕೂಡಿ ಕಟ್ಟಿದ ಮಿತಿಯು ಸುಮಾರು 2 ಕೋಟಿ 5 ಲಕ್ಷ ಡಾಲರುಗಳು. ಈ ಎರಡು ಮೊತ್ತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನ್ಯಾಯವೆತ್ತ ವಾಲಿರುವುದೆಂದು ಬೇರೆ ಹೇಳಬೇಕಾಗಿಲ್ಲ. ಕಾಲ್ಚೆಂಡಿನ ಆದಾಯದಿಂದಲೇ ಇತರ ಆಟಗಳು ನಡೆಯುವುವು, ಇಂಥ ಹಣವನ್ನು ಬಹುಶಃ ದಾನಿಗಳೇ ತುಂಬುವರು ಎಂಬ ಸಮಾಧಾನವನ್ನು ನಾವು ಕೇಳಿರುವೆವು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ವಿದ್ಯಾಸಂಸ್ಥೆಯ ಹೆಸರಿನಲ್ಲಿ ಬಂದ ದ್ರವ್ಯವು ವಿದ್ಯೆಗೆ ಸಲ್ಲದೆ ಅವಸರದ ದಂಡವಾಗಿ ಹೋಗುವುದು ದಾನಿಗೂ ಶೋಭೆಯಲ್ಲ, ಪಡೆದವರಿಗೂ ಶೋಭೆಯಲ್ಲ.

ಹಣದ ಹಾನಿಗಿಂತ ಘೋರವಾದುದು ಅತಿಭಕ್ತಿಯ ಹಾನಿ. ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಜೋ ಪಟೆರ್ನೊ ಅವರು 1966ರಿಂದ 2011ರವರೆಗೆ ಮುಖ್ಯ ತರಬೇತುದಾರರಾಗಿದ್ದು ಪೂಜ್ಯರೆನಿಸಿದ್ದರು. ಅವರ ಕೈಕೆಳಗೆ ಬಹುಕಾಲ ಸಹಾಯಕನಾಗಿದ್ದವನು ಬಾಲಕರ ಮೇಲೆ ಅತ್ಯಾಚಾರವೆಸಗಿದನೆಂದು 2012ರಲ್ಲಿ ನ್ಯಾಯಾಲಯದಲ್ಲಿ ಸಿದ್ಧವಾಯಿತು. ವಿಶ್ವವಿದ್ಯಾನಿಲಯವೇ ಮಾಡಿಸಿದ ವಿಚಾರಣೆಯ ವರದಿಯು ಪಟೆರ್ನೊ ಅವರೂ ಸೇರಿದಂತೆ ಹಿರಿಯರನ್ನು ದೂಷಿಸಿತು. ಅವರ ಕುಟುಂಬದವರು ಅದನ್ನು ಒಪ್ಪಲಿಲ್ಲ. ಆ ವಾದವೇನೇ ಇರಲಿ, ಕಾಲ್ಚೆಂಡಿನ ಮೇಲಿನ ಪೂಜ್ಯಭಾವವು ಇಡೀ ಸಂಸ್ಥೆಯನ್ನು ಆವರಿಸಿದ್ದಿತೆಂಬ ವರದಿಯ ಮಾತು ಮರೆಯತಕ್ಕದ್ದಲ್ಲ. ಗುಡಿಗಿಂತ ಪೂಜಾರಿಯೇ ದೊಡ್ಡವನಾದಲ್ಲಿ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಉಳಿಯದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಮುಖ್ಯ ತರಬೇತುದಾರನ ಮೌಲ್ಯವು ನಿಶ್ಚಯವಾಗಿಯೂ ದೊಡ್ಡದು. ಆದರೆ ಅದು ಕಟ್ಟುವವನ ಮೌಲ್ಯವೇ ಹೊರತು ಮಾಂತ್ರಿಕನ ಮೌಲ್ಯವಲ್ಲ. ಅವನನ್ನು ಆರಿಸುವಾಗ ಒಂದು ಋತುವಿನ ಮೆರುಗನ್ನು ನೋಡದೆ ಹಲವು ವರ್ಷಗಳ ಕೃಷಿಯನ್ನು ನೋಡಬೇಕು. ಆರಿಸಿದ ಮೇಲೆ ಕಟ್ಟಲು ಕಾಲಾವಕಾಶ ಕೊಡಬೇಕು. ಕರಾರು ಬರೆಯುವಾಗ ಗೆಲುವಿನ ಅಮಲಿನಲ್ಲಿ ಲೇಖನಿ ಹಿಡಿಯಬಾರದು. ಎಷ್ಟೇ ಕೀರ್ತಿವಂತನಾದರೂ ಸಂಸ್ಥೆಯ ಕಟ್ಟಳೆಗೆ ಅವನು ಒಳಪಟ್ಟೇ ಇರಬೇಕು. ಒಳ್ಳೆಯ ಒಕ್ಕಲಿಗನಿಂದ ಹೊಲ ಏಳಿಗೆಗೆ ಬರುವುದು ನಿಜ. ಆದರೆ ಬಿತ್ತಿದ ವಾರದಲ್ಲೇ ತೆನೆ ಕಾಣಲಿಲ್ಲವೆಂದು ಒಕ್ಕಲನ್ನು ಎಬ್ಬಿಸುವ ಯಜಮಾನನ ಕಣಜವು ಎಂದಿಗೂ ತುಂಬಲಾರದು.