ಮಿತಿ ಆಟಕ್ಕಿರಲಿ, ವಿಳಾಸಕ್ಕೆ ಬೇಡ

ಬೇಸಿಗೆ ಬಂತೆಂದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳ ಫ್ಲೆಕ್ಸ್‌ಗಳು ಏಳುತ್ತವೆ. ಬಹುಮಾನದ ಮೊತ್ತ ದಪ್ಪ ಅಕ್ಷರದಲ್ಲಿರುತ್ತದೆ. ಎಷ್ಟೋ ಕಡೆ ಅದರ ಕೆಳಗೆ ಒಂದು ಸಾಲು: ‘ಆಧಾರ್ ಕಡ್ಡಾಯ, ಹೊರಗಿನ ಆಟಗಾರರಿಗೆ ಅವಕಾಶವಿಲ್ಲ.’ ಮೈದಾನದಲ್ಲಿ ಜಗಳ ಹತ್ತುವುದೂ ಈ ಸಾಲಿನ ಮೇಲೆಯೇ.

ನಿಯಮದ ಉದ್ದೇಶ ಒಳ್ಳೆಯದೇ. ನಾಕೌಟ್‌ನಲ್ಲಿ ಒಮ್ಮೆ ಸೋತರೆ ಮನೆಗೆ. ತಲಾ ಇಷ್ಟೆಂದು ಹಾಕಿ ಶುಲ್ಕ ಕಟ್ಟಿದ ಊರ ಹುಡುಗರಿಗೆ, ದುಡ್ಡು ಕೊಟ್ಟು ಕರೆತಂದ ಆಟಗಾರರ ತಂಡ ಮೊದಲ ಪಂದ್ಯದಲ್ಲೇ ಎದುರಾದರೆ ಕಥೆ ಅಲ್ಲಿಗೇ ಮುಗಿಯಿತು. ಕರೆತಂದ ತಂಡದಲ್ಲೂ ವರ್ಷವಿಡೀ ಬೆವರು ಸುರಿಸಿದ ಹುಡುಗ ನೀರಿನ ಬಾಟಲಿ ಹಿಡಿದು ಹೊರಗೆ ಕೂರುತ್ತಾನೆ.

ಆದರೆ ಆಧಾರ್ ತೋರಿಸುವುದು ವಿಳಾಸವನ್ನು, ಆಟವನ್ನಲ್ಲ. ಗೌರಿಬಿದನೂರಿನ ಕಾರ್ಖಾನೆಯಲ್ಲಿ ದುಡಿಯುತ್ತ ಎರಡು ವರ್ಷದಿಂದ ಇಲ್ಲೇ ಆಡುವ ರಾಯಚೂರಿನ ಹುಡುಗ ಹೊರಗಿನವನಾಗುತ್ತಾನೆ. ಬೆಂಗಳೂರಿನಲ್ಲಿ ಲೀಗ್ ಆಡುತ್ತ, ಕಾರ್ಡಿನಲ್ಲಿ ಮಾತ್ರ ಹಳ್ಳಿಯ ವಿಳಾಸ ಇಟ್ಟುಕೊಂಡವನು ಊರಿನವನಾಗುತ್ತಾನೆ. ಇದ್ಯಾವ ನ್ಯಾಯ?

ಇಲ್ಲಿ ಗಾಲ್ಫ್‌ನಿಂದ ಕಲಿಯುವುದಿದೆ. ನಂದಿ ಬೆಟ್ಟದ ತಪ್ಪಲಿನಲ್ಲೇ ಗಾಲ್ಫ್ ಮೈದಾನವಿದ್ದರೂ ನಮ್ಮಲ್ಲಿ ಬಹುತೇಕರಿಗೆ ಅದು ಬೇಲಿಯಾಚೆಯ ಆಟ. ಅಲ್ಲಿ ಆಟಗಾರನ ಮಟ್ಟವನ್ನು ‘ಹ್ಯಾಂಡಿಕ್ಯಾಪ್’ ಎಂಬ ಅಂಕಿಯಿಂದ ಅಳೆಯುತ್ತಾರೆ. ಅಂಕಿ ಕಡಿಮೆಯಾದಷ್ಟೂ ಆಟಗಾರ ಬಲಿಷ್ಠ. ಒಬ್ಬನದು 8, ಇನ್ನೊಬ್ಬನದು 20 ಇದ್ದರೆ, ಇಬ್ಬರೂ ನೇರ ಎದುರಾದಾಗ ಎರಡನೆಯವನಿಗೆ 12 ಹೊಡೆತಗಳ ರಿಯಾಯಿತಿ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ಸುತ್ತುಗಳ ಪೈಕಿ ಅತ್ಯುತ್ತಮ 8ರ ಸರಾಸರಿ ಹಿಡಿಯುತ್ತದೆ. ಹಾಗಾಗಿ ಒಂದೆರಡು ಸುತ್ತು ಬೇಕೆಂದೇ ಕೆಟ್ಟದಾಗಿ ಆಡಿ ರಿಯಾಯಿತಿ ಗಿಟ್ಟಿಸುವುದು ಸುಲಭವಲ್ಲ. ಗರಿಷ್ಠ ಮಿತಿ 54. ತನ್ನ ಸ್ಪರ್ಧೆಗೆ ಅದಕ್ಕಿಂತ ಕಡಿಮೆ ಮಿತಿಯನ್ನೂ ಕ್ಲಬ್ ಇಡಬಹುದು. ಮಿತಿ ಎಷ್ಟೇ ಇರಲಿ, ಅದು ಆಡಿದ ಆಟದ ಮೇಲೆ ನಿಂತಿದೆ, ಹುಟ್ಟೂರಿನ ಮೇಲಲ್ಲ.

ಕ್ರಿಕೆಟ್‌ನಲ್ಲಿ ಎದುರಾಳಿಗೆ ಮೊದಲೇ ರನ್ ಕೊಟ್ಟು ಆಡಿಸಲಾಗದು, ನಿಜ. ಆದರೆ ಅಳತೆಯ ನ್ಯಾಯ ತರಬಹುದು. ಕಬಡ್ಡಿಗೆ ತೂಕದ ಮಿತಿ ಇಟ್ಟು ಆಡಿಸುವುದು ನಮಗೇನು ಹೊಸತೇ? ಐಪಿಎಲ್‌ನಲ್ಲೂ ಆಡುವ ಹನ್ನೊಂದರಲ್ಲಿ ವಿದೇಶಿಯರು ನಾಲ್ವರಿಗಿಂತ ಹೆಚ್ಚು ಇರುವಂತಿಲ್ಲ.

ಆಯೋಜಕರಲ್ಲಿ ಮೂರು ಮನವಿ. ಒಂದು, ಲೀಗ್ ಮಟ್ಟದಲ್ಲಿ ಆಡುವವರು ಎಲ್ಲಿಯವರಾದರೂ ಸರಿ, ತಂಡಕ್ಕೆ ಇಬ್ಬರೇ ಇರಲಿ. ಎರಡು, ಆಧಾರ್ ಜೊತೆಗೆ ಕಾಲೇಜಿನ ಅಥವಾ ಕೆಲಸದ ಗುರುತಿನ ಚೀಟಿಯೂ ನಡೆಯಲಿ. ಮೂರು, ಮೊದಲ ಸುತ್ತಿನಲ್ಲಿ ಸೋತವರಿಗೆ ಪ್ರತ್ಯೇಕ ‘ಪ್ಲೇಟ್’ ವಿಭಾಗವಿರಲಿ. 16 ತಂಡಗಳ ನಾಕೌಟ್‌ಗೆ 15 ಪಂದ್ಯಗಳು. ಸೋತ 8 ತಂಡಗಳನ್ನು ಮತ್ತೆ ಆಡಿಸಲು ಬೇಕಿರುವುದು ಇನ್ನು 7 ಪಂದ್ಯ, ಅಂದರೆ ಹೆಚ್ಚೆಂದರೆ ಒಂದು ದಿನ.

ಬಲಿಷ್ಠರ ಎದುರು ಆಡಿದರೇ ಆಟ ಕಲಿಯುವುದು ಎನ್ನುವವರಿದ್ದಾರೆ. ಒಪ್ಪುತ್ತೇನೆ. ಅದಕ್ಕೇ ಅವರನ್ನು ಹೊರಗಿಡಿ ಎನ್ನುತ್ತಿಲ್ಲ, ಎಷ್ಟು ಮಂದಿ ಎಂದು ನಿಗದಿ ಮಾಡಿ ಎನ್ನುತ್ತಿದ್ದೇನೆ. ಕಲಿಯಬೇಕಾದವನು ಮೊದಲು ಮೈದಾನದೊಳಗೆ ಇರಬೇಕಲ್ಲವೇ?